ಅಪ್ಪನ ಸೈಡ್ ಡ್ರಮ್ಮಿಗೆ ಬಿದ್ದ ಒಂದೇಟು

ಸ್ನೇಹಿತರೇ, ಬ್ಯಾಂಡ್‌ಸೆಟ್ಟಿನಲ್ಲಿದ್ದ ನಮ್ಮಪ್ಪ ಹೇಳಿ ಮಾಡಿಸಿಕೊಂಡಿದ್ದ ಸೈಡ್ ಡ್ರಮ್ಮು ಯಾರ ಕೈಕೆಲಸವೆಂದು ಹುಡುಕುತ್ತಾ, ಅದನ್ನು ಹೊತ್ತು ಇವತ್ತು ಕೊಳ್ಳೇಗಾಲದಿಂದ ಮಾಂಬಳ್ಳಿಗೆ ಹೋಗಿದ್ದೆ. ಅಲ್ಲಿ ವಾದ್ಯ ರಿಪೇರಿ ಮಾಡುವವರು ಅದರ ಹಲಸಿನ ಮರದ ಮೈ ಸವರಿ, "ನಮ್ಮಪ್ಪನ್ ಕೆಲ್ಸ ಇದ್ದಂಗದೆ. ಒಂದ್ ಏಟಾಕಿ ಸಾ, ಸದ್ ಕೇಳಿ ಏಳ್ತೀನಿ" ಎಂದರು.

ಬಾರಿಸಿದೆ.

"ಔದು, ನಮ್ಮಪ್ಪುಂದೇ!"

ಅಷ್ಟರಲ್ಲಿ ಎದುರುಮನೆಯ ಅಜ್ಜಿ ಓಡಿಬಂದು, "ಯಾರಪ್ಪಾ ತೀರ್ಕಂಡದ್ದು?" ಎಂದರು. ಮದುವೆಯಿಲ್ಲದ ದಿನ ಬೀದಿಯಲ್ಲಿ ಡ್ರಮ್ ಸದ್ದಾದರೆ ಇಲ್ಲಿ ಸಾವೆಂದೇ ಲೆಕ್ಕ.

"ನಮ್ಮಪ್ಪ" ಎಂದುಬಿಟ್ಟೆ.

"ಅಯ್ಯೋ, ಯಾವಾಗ?"

"ಹೋದ ವರ್ಷ."

ಅಜ್ಜಿ ಬೈಯಲಿಲ್ಲ. ಸೆರಗು ಬಾಯಿಗಿಟ್ಟುಕೊಂಡು ನನ್ನ ಪಕ್ಕ ಕೂತರು.

ನಮ್ಮೂರಿನ ಸಾವಿಗೆಲ್ಲ ಬಾರಿಸಿದವರು ಅಪ್ಪ. ಅವರು ಹೋದ ದಿನ ಬಾರಿಸಲು ಯಾರೂ ಸಿಗಲಿಲ್ಲ. ಕೊನೆಗೂ ಒಬ್ಬರು ಸದ್ದು ಕೇಳಿ ಬಂದರು. ಒಂದು ವರ್ಷ ತಡ, ಅಷ್ಟೇ.