ತೆಳು ತಂತಿಯ ಇಮಾಮುದ್ದೀನ್

ಕಲಬುರಗಿಯ ಗಾಜಿಪುರದಿಂದ ದಿನಾ ಬಸ್ ಹತ್ತಿ ಕಮಲಾಪುರಕ್ಕೆ ಹೋಗುವ ಲೈನ್‌ಮನ್ ಇಮಾಮುದ್ದೀನನಿಗೆ ಒಂದೇ ಒಂದು ದುರಭ್ಯಾಸವಿತ್ತು. ಬೀಡಿಯಲ್ಲ, ಗುಟ್ಕಾ ಅಲ್ಲ; ಫ್ಯೂಜಿಗೆ ನಿಯಮದಲ್ಲಿ ಹೇಳಿದಷ್ಟೇ ತೆಳು ತಂತಿ ಹಾಕುವುದು. ಇಂಥವನನ್ನು ಯಾವ ಊರು ತಾನೇ ಸಹಿಸೀತು?

ಅವನಿಗಿಂತ ಮೊದಲು ಅಲ್ಲಿದ್ದ ಮಲ್ಲು ದೊಡ್ಡ ಮನಸ್ಸಿನವನು. ನಾಲ್ಕೆಳೆ ಅಲ್ಯುಮಿನಿಯಂ ತಂತಿ ಹೊಸೆದು ಬಿಗಿದನೆಂದರೆ ಫ್ಯೂಜ್ ಹಾರುವ ಮಾತೇ ಇಲ್ಲ. ಆಪತ್ತು ಬಂದಾಗ ತಾನು ಸುಟ್ಟು ಉಳಿದದ್ದನ್ನು ಕಾಯುವುದು ಫ್ಯೂಜಿನ ಧರ್ಮವೆಂದು ಅವನಿಗೆ ಯಾರೂ ಹೇಳಿರಲಿಲ್ಲವೇನೋ. ಬಾಳೆತೋಟದ ಟಿ.ಸಿ., ಅಂದರೆ ಟ್ರಾನ್ಸ್‌ಫಾರ್ಮರ್, ಅವನ ಕಾಲದಲ್ಲಿ ಎರಡು ಸಲ ಸುಟ್ಟಿತು, ನಿಜ. ಅದು ಸರ್ಕಾರದ ತಪ್ಪು. ಫ್ಯೂಜ್ ಮಾತ್ರ ಗಟ್ಟಿಯಾಗಿತ್ತು!

ಇಮಾಮುದ್ದೀನ್ ಬಂದ ಮೇಲೆ ಟಿ.ಸಿ. ಸುಡಲಿಲ್ಲ, ಫ್ಯೂಜ್ ವಾರಕ್ಕೆರಡು ಸಲ ಹಾರಿತು. ತೋಟದ ದೌಲಪ್ಪ ಊರವರ ಸಹಿ ಹಾಕಿಸಿ, ಇವನನ್ನು ವರ್ಗ ಮಾಡಿರೆಂದು ಅರ್ಜಿ ಕೊಟ್ಟ. ಟಿ.ಸಿ. ಉಳಿಸಿದವನಿಗೇ ಟಿ.ಸಿ. ಕೊಟ್ಟು ಕಳಿಸುವ ಏರ್ಪಾಡು. ಸೆಕ್ಷನ್ ಆಫೀಸರ್ ಜಹೀರುದ್ದೀನ್ ಕರೆದು ಬುದ್ಧಿ ಹೇಳಿದರು:

“ಮಂದಿ ಖುಷಿ ಇದ್ರ ನಾವೂ ಆರಾಮ್ ಇರ್ತೀವೋ ಭಾಯಿ. ನಾಕ್ ಎಳಿ ಜಾಸ್ತಿ ಸುತ್ತಿದ್ರ ನಿಮ್ಮಪ್ಪನ ಗಂಟೇನ್ ಹೋಗ್ತದ?”

ಇಮಾಮುದ್ದೀನನಿಗೂ ಸಾಕಾಗಿತ್ತು. ಮಗಳು ಆಸ್ಫಿಯಾ ಹತ್ತನೆಯ ತರಗತಿ. ದೂರದ ಊರಿಗೆ ಎತ್ತಂಗಡಿಯಾದರೆ ಅವಳ ಮುಖ ಕಾಣುವುದು ತಿಂಗಳಿಗೊಮ್ಮೆ. ಅಂದು ದಪ್ಪ ತಂತಿ ಹೊಸೆದು ಫ್ಯೂಜಿನವರೆಗೂ ಒಯ್ದ. ಕೈ ಒಪ್ಪಲಿಲ್ಲ. ತನ್ನನ್ನು ತಾನೇ ಬೈದುಕೊಳ್ಳುತ್ತ ತೆಳುವನ್ನೇ ಹಾಕಿ ಬಂದ. ಹುಟ್ಟುಗುಣ ಸುಟ್ಟರೂ ಹೋಗದು.

ಮರುದಿನ ಮಧ್ಯಾಹ್ನ ಬಿರುಗಾಳಿ ಬೀಸಿತು. ಗಾಳಿ ನಿಂತದ್ದೇ ದೌಲಪ್ಪನ ಹೆಂಡತಿ ಭಾಗಮ್ಮ ಸೆರಗು ಸಿಕ್ಕಿಸಿ ಆಫೀಸಿನ ಬಾಗಿಲಲ್ಲಿ ನಿಂತಳು.

“ಏನ್ ಫ್ಯೂಜ್ ಹಾಕ್ತಿಯೋ ಇಮಾಮಸಾಬ್! ತಂತಿಗಿ ತಂತಿ ಬಡದು ಒಂದ್ ಹರದು ತೋಟದಾಗ ಬಿದ್ದದ. ಅಷ್ಟಕ್ಕೇ ಹಾರಿಬಿಟ್ಟದ. ಮಲ್ಲೂಂದು ಇದ್ರ ಹಾರ್ತಿತ್ತೇನು?”

“ಇಲ್ರೀ ಯವ್ವಾ, ಹಾರ್ತಿರ್ಲಿಲ್ಲ. ಬಿದ್ದ ತಂತಿ ಎಲ್ಲದ?”

“ಬಾಳಿಗೊನಿ ಮ್ಯಾಲ ಬಿದ್ದಿತ್ತು. ಗೊನಿ ಹಾಳಾಗ್ತದಂತ ನಾನೇ ಎಳದು ಬದುವಿಗಿ ಒಗದೀನಿ. ನಿಮ್ಮ ಕೆಲಸಾನೂ ನಾವೇ ಮಾಡ್ಬೇಕು!” ಎಂದು ಎರಡೂ ಕೈ ಅವನ ಮುಖದ ಮುಂದೆ ಆಡಿಸಿದಳು.

ಮಣ್ಣು ಮೆತ್ತಿದ, ಹಸಿರು ಬಳೆ ತೊಟ್ಟ, ಜೀವವಿದ್ದ ಕೈಗಳು. ನಿನ್ನೆ ಹೊಸೆದ ದಪ್ಪ ತಂತಿಯನ್ನು ಹಾಕಿದ್ದರೆ ಬಿದ್ದ ತಂತಿಯಲ್ಲಿ ಕರೆಂಟು ಹಾಗೇ ಹರಿಯುತ್ತಿತ್ತು. ಇಮಾಮುದ್ದೀನ್ ಸ್ಟೂಲಿನ ಮೇಲೆ ಕುಸಿದು ಗಳಗಳ ಅತ್ತುಬಿಟ್ಟ.

ತಾನು ಬೈದದ್ದಕ್ಕೇ ಅಳುತ್ತಿದ್ದಾನೆಂದು ಭಾಗಮ್ಮನಿಗೆ ಕನಿಕರ ಬಂತು.

“ಅಳಬ್ಯಾಡೋ. ಅರ್ಜಿ ವಾಪಸ್ ತಗೊಳ್ಳಂತ ನಮ್ಮನಿಯವರಿಗಿ ಹೇಳ್ತೀನಿ. ಇನ್ಮ್ಯಾಲ ದಪ್ಪ ತಂತೀನೇ ಹಾಕ್ತೀನಂತ ನಿನ್ನ ಮಗಳ ಆಣಿ ಮಾಡು.”

ಇಮಾಮುದ್ದೀನ್ ಕಣ್ಣೊರೆಸಿಕೊಂಡ.

“ಅರ್ಜಿ ಹಂಗೇ ಇರಲ್ರೀ ಯವ್ವಾ,” ಅಂದ.