ಹಳೇ ಪೇಟೆಯ ಅಗಸಿ ಮತ್ತು ನನ್ನ ಸಹಿ

ಜಮಖಂಡಿ ಸೀಮೆಯ ಸಂಸ್ಥಾನಗಳು ಮುಂಬಯಿ ರಾಜ್ಯಕ್ಕೆ ಸೇರಿದ ಹೊಸತರಲ್ಲಿ ನಾನು ಅಲ್ಲಿನ ಒಂದು ಊರಿನಲ್ಲಿ ಓವರ್‌ಸಿಯರ್ ಆಗಿದ್ದೆ. ಮುಧೋಳದ ಬಸ್ಸು ಹಳೇ ಪೇಟೆಯೊಳಗೆ ಬರಬೇಕೆಂದರೆ ಕೋಟೆಯ ಹೆಬ್ಬಾಗಿಲು, ಅಂದರೆ ಅಗಸಿ, ಅಡ್ಡವಿತ್ತು. ಗಟ್ಟಿಯಿದ್ದರೆ ಅದನ್ನು ಉಳಿಸಿ ರಸ್ತೆಯನ್ನು ಸುತ್ತುಹಾಕಿಸಬೇಕು, ಶಿಥಿಲವಾಗಿದ್ದರೆ ಕೆಡವಬೇಕು ಎಂದು ಮೇಲಿನವರ ಆಜ್ಞೆ. ಅಂದು ಕೆಂಡದಂಥ ಬಿಸಿಲು. ನಾನು ಬೇವಿನ ನೆರಳಲ್ಲೇ ನಿಂತು ನೋಡಿ, 'ಪೂರ್ತಿ ಶಿಥಿಲ' ಎಂದು ಬರೆದು ಸಹಿ ಹಾಕಿದೆ.

ಗುತ್ತಿಗೆದಾರ ಆಳುಗಳೊಡನೆ ಕೆಡವಲು ಬಂದ ಬೆಳಿಗ್ಗೆ, ಸಂಸ್ಥಾನದ ಕಾಲದಿಂದ ಆ ಅಗಸಿಯ ಕಲ್ಲು-ಗಾರೆ ದುರಸ್ತಿ ನೋಡಿಕೊಂಡಿದ್ದ ಮುದುಕ ಗೌಂಡಿ ಕಮಾನಿನ ಕೆಳಗೆ ಕೂತುಬಿಟ್ಟ.

"ಸಾಹೇಬ್ರ, ನೀವು ಮ್ಯಾಲ ಹತ್ತಿ ನೋಡೀರೇನ್ರಿ?"

ಅವನೇ ಕೈಹಿಡಿದು ಮೆಟ್ಟಿಲು ಹತ್ತಿಸಿದ. ಗಾರೆ ಕಲ್ಲಿನಂತಿತ್ತು. ಕೂದಲೆಳೆಯಷ್ಟು ಬಿರುಕೂ ಇರಲಿಲ್ಲ.

"ನಿಲ್ಲಸ್ರಿ, ನನ್ನಿಂದ ತಪ್ಪಾಗೇತಿ!" ಎಂದು ಮೇಲಿಂದಲೇ ಕೂಗಿದೆ.

"ಸಹಿ ನಿಮ್ಮದ ಐತಲ್ರಿ?" ಎಂದು ಗುತ್ತಿಗೆದಾರ ನಕ್ಕ. ಅಗಸಿಯ ಕಲ್ಲನ್ನು ಅವನು ಆಗಲೇ ಒಬ್ಬ ಸಾಹುಕಾರನ ಹೊಸ ಮನೆಗೆ ಕೊಡಲು ಒಪ್ಪಿಕೊಂಡಿದ್ದ. "ಹೊಡೀರಲೇ!"

ಹಾರೆಗಳು ಎದ್ದವು, ಕಮಾನಿನ ಒಂದು ಪಕ್ಕದ ಕಲ್ಲುಗಳು ಉರುಳಿದವು. ಗೌಂಡಿ ಇಳಿದೋಡಿ ಕಲ್ಲಿನ ಮೇಲೆ ಅಂಗೈ ಊರಿ ನಿಂತ. ನಾನೂ ಅವನ ಹಿಂದೆಯೇ ಇಳಿದೆ.

"ಕೈ ತಗೀಲೇ ಮುದುಕಾ!"

ತೆಗೆಯಲಿಲ್ಲ. ಗುತ್ತಿಗೆದಾರ ಒಬ್ಬ ಆಳಿನ ಹಾರೆ ಕಸಿದು ಬೀಸಿದ. ಗೌಂಡಿಯ ಮೂರು ಬೆರಳು ಜಜ್ಜಿಹೋದವು. ರಕ್ತ ಕಮಾನಿಗೆ ಚಿಮ್ಮಿತು. ಆಮೇಲೆ ನನಗೆ ಕಂಡದ್ದು ಗುತ್ತಿಗೆದಾರನ ಮುಖವೊಂದೇ. ಅಳತೆಗೆಂದು ತಂದಿದ್ದ ಕಬ್ಬಿಣದ ಸರಪಳಿ ನನ್ನ ಕೈಯಲ್ಲಿತ್ತು. ಹೊಡೆದೆ. ಬಿದ್ದ ಮೇಲೂ ಹೊಡೆದೆ. ಕೆನ್ನೆ ಹರಿದು ಹಲ್ಲು ಕಂಡವು. ಮಾವನಿಗೆ ಬುತ್ತಿ ತಂದಿದ್ದ ಗೌಂಡಿಯ ಸೊಸೆ, "ಬಿಡ್ರೀ, ಸಾಯ್ತಾನ್ರೀ!" ಎಂದು ನನ್ನನ್ನು ಹಿಂದಿನಿಂದ ಎಳೆಯದಿದ್ದರೆ ಕೊಂದೇಬಿಡುತ್ತಿದ್ದೆ. ಆ ಹೊತ್ತಿನಲ್ಲಿ ನನಗೆ ಸುಖವಾಗಿತ್ತು. ಅದನ್ನು ಇಂದಿಗೂ ಯಾರಿಗೂ ಹೇಳಿಲ್ಲ.

ಪೊಲೀಸ್ ಫೌಜದಾರರ ಮುಂದೆ ಹೊಡೆದದ್ದನ್ನೂ ನೋಡದೆ ಬರೆದದ್ದನ್ನೂ ಒಪ್ಪಿಕೊಂಡೆ. ಗುತ್ತಿಗೆದಾರನಿಗೂ ನನಗೂ ಜೈಲಾಯಿತು, ನನ್ನ ನೌಕರಿ ಹೋಯಿತು. ಅಗಸಿ ಮಾತ್ರ ಒಂದು ಭುಜ ಕಳೆದುಕೊಂಡು ಉಳಿಯಿತು. ಬಸ್ಸು ಊರ ಹೊರಗಿನಿಂದ ಓಡಾಡತೊಡಗಿತು.

ಬಿಡುಗಡೆಯಾದ ದಿನವೇ ಗೌಂಡಿಯ ಮನೆಗೆ ಹೋಗಿ ಕಾಲಿಗೆ ಬೀಳಹೋದೆ. ಅವನು ಕಾಲು ಹಿಂದೆಳೆದುಕೊಂಡ.

"ಅವನ್ನ ಹೊಡದು ಛಲೋ ಮಾಡಿದ್ರಿ ಅಂತಾರ ಮಂದಿ. ಅದರಿಂದ ನನ್ನ ಬೆರಳು ಬಂದೂವೇನ್ರಿ?"

ನಾನು ಅತ್ತೆ. ಅವನು ಸಮಾಧಾನ ಹೇಳಲಿಲ್ಲ. "ಒಡದ ಭಾಗ ಕಟ್ಟಾಕ ಸೊಸಿಗೆ ಕೆಲಸ ಕಲಿಸಾಕತ್ತೇನಿ. ಕಲ್ಲು ಹೊರಾಕ ಆಳಿಲ್ಲ" ಎಂದ.

ಮರುದಿನ ಬೆಳಿಗ್ಗೆ ತಲೆಗೆ ಸಿಂಬೆ ಸುತ್ತಿಕೊಂಡು ಅಗಸಿಗೆ ಹೋದೆ.