ಡಾಟ್‌ಕಾಮ್‌ನ ಗುಪ್ತಸ್ನಾನ

ಕುದುರೆಯನ್ನು ಹೊಗಳುವವರು ಅದರ ಕತ್ತು, ಕೂದಲು, ಕಣ್ಣು, ಗೊರಸು ಎಲ್ಲವನ್ನೂ ಹೊಗಳುತ್ತಾರೆ. ಹಳೆಯ ಅಶ್ವಶಾಸ್ತ್ರದವರಂತೂ ಮೈಮೇಲಿನ ಒಂದೊಂದು ಸುಳಿಯನ್ನೂ ಬಿಡದೆ ಶುಭ ಅಶುಭ ನೋಡಿದ್ದಾರೆ. ಆದರೆ ಹೊಟ್ಟೆಯ ಕೆಳಗೆ, ಹಿಂಗಾಲುಗಳ ಮುಂದೆ, ಗಂಡು ಕುದುರೆ ತನ್ನ ಮಾನವನ್ನು ಮಡಚಿಟ್ಟುಕೊಳ್ಳುವ ಒಂದು ಚರ್ಮದ ಚೀಲವಿದೆಯಲ್ಲ, ಅಲ್ಲಿಗೆ ಬಂದ ಕೂಡಲೇ ಎಲ್ಲರಿಗೂ ಕೆಮ್ಮು ಬರುತ್ತದೆ. ನಾನು ಕೆಮ್ಮುವಂತಿಲ್ಲ. ಅದನ್ನು ತೊಳೆದೇ ಹೈದರಾಬಾದಿನಲ್ಲಿ ಅನ್ನ ತಿಂದವಳು ನಾನು.

ನಾನು ಪಶುವೈದ್ಯೆ. ನಗಬೇಡಿ, ಅಥವಾ ನಗುವುದಾದರೆ ಈಗಲೇ ನಕ್ಕುಬಿಡಿ, ಮುಂದೆ ಇನ್ನೂ ಇದೆ. ಬೀಜ ತೆಗೆದ ಕುದುರೆಗೆ ದಖನಿಯಲ್ಲಿ ಆಖ್ತಾ ಅನ್ನುತ್ತಾರೆ. ಪಾಪ, ಬಲು ಸಂಭಾವಿತ ಪ್ರಾಣಿ. ಹೆಣ್ಣು ಕುದುರೆ ಎದುರಿಗೆ ಬಂದರೂ ಹುಲ್ಲು ನೋಡಿಕೊಂಡು ನಿಂತಿರುತ್ತದೆ. ಆದರೆ ಆ ಸಂಕೋಚವೇ ಅದಕ್ಕೆ ಮುಳುವು. ಎಷ್ಟೋ ಆಖ್ತಾಗಳು ಉಚ್ಚೆ ಹೊಯ್ಯುವಾಗಲೂ ಚೀಲದಿಂದ ಪೂರ್ತಿ ಹೊರಗೆ ಬರುವುದಿಲ್ಲ. ಒಳಗೆ ಬೆವರು, ಧೂಳು, ಜಿಡ್ಡು ಸೇರಿ ಬೂದು ಬಣ್ಣದ ಹಕ್ಕಳೆ ಕಟ್ಟುತ್ತದೆ. ತುದಿಯಲ್ಲಿ, ಉಚ್ಚೆಯ ದಾರಿಯ ಪಕ್ಕದಲ್ಲಿರುವ ಸಣ್ಣ ಗೂಡಿನಲ್ಲಿ ಅದೇ ಜಿಡ್ಡು ಉರುಟಿಕೊಂಡು ಅವರೆಕಾಳಿನಂತೆ ಗಟ್ಟಿಯಾಗಿ ಕೂರುತ್ತದೆ. ಆ ಕಾಳನ್ನು ಬೆರಳಿನಿಂದ ಮೆಲ್ಲಗೆ ಬಿಡಿಸಿ ತೆಗೆಯಬೇಕು. ಕುದುರೆಯ ಭುಜದ ಕಡೆ ಒತ್ತಿ ನಿಲ್ಲಬೇಕು, ಒದ್ದರೆ ಪೆಟ್ಟು ಬೀಳದ ಹಾಗೆ. ಬೇಕಾದದ್ದು ಉಗುರುಬೆಚ್ಚಗಿನ ನೀರು, ಹತ್ತಿ, ಒಂದಿಷ್ಟು ಎಣ್ಣೆ, ಮತ್ತು ಯಾರೂ ನೋಡುತ್ತಿಲ್ಲವೆಂಬ ಧೈರ್ಯ.

ಈ ವಿದ್ಯೆಗೆ ಹೈದರಾಬಾದಿನಲ್ಲಿ ಬೇಡಿಕೆ ಬಂದದ್ದು ಸಾಫ್ಟ್‌ವೇರಿನವರಿಂದ. ಗಚ್ಚಿಬೌಲಿಯ ಬಂಡೆಗಳ ನಡುವೆ ಗಾಜಿನ ಕಟ್ಟಡಗಳು ಏಳುತ್ತಿದ್ದ ಕಾಲ ಅದು. ವಾರವಿಡೀ ಕುರ್ಚಿಯಲ್ಲಿ ಕೂತವರು ಭಾನುವಾರ ಕುದುರೆಯ ಮೇಲೆ ಕೂರಲು ಬಯಸಿದರು. ಊರಾಚೆ ಒಂದು ಸವಾರಿ ಶಾಲೆ ಹುಟ್ಟಿಕೊಂಡಿತು. ನಿನ್ನೆ ಮೊನ್ನೆಯವರೆಗೆ ಬಾದಷಾ, ಸಿಕಂದರ್ ಎಂದು ಕರೆಸಿಕೊಳ್ಳುತ್ತಿದ್ದ ಕುದುರೆಗಳಿಗೆ ಸರ್ವರ್, ಮೋಡೆಮ್ ಎಂದು ಮರುನಾಮಕರಣವಾಯಿತು. ಶ್ರೀಕಾಂತ್ ಎಂಬ ತೆಲುಗು ಹುಡುಗ ತನ್ನ ಆಖ್ತಾಕ್ಕೆ ಡಾಟ್‌ಕಾಮ್ ಎಂದು ಹೆಸರಿಟ್ಟ. ಡಾಟ್‌ಕಾಮ್‌ಗೆ ಕಂದು ಮೈ, ಹಣೆಯಲ್ಲಿ ಬಿಳಿ ಬೊಟ್ಟು, ಮುಖದಲ್ಲಿ ಸದಾ ಪಿಂಚಣಿದಾರನ ಕಳೆ.

ವೃತ್ತಿ ಹೀಗೆ ನಾಗಾಲೋಟದಲ್ಲಿ ಓಡುತ್ತಿದ್ದಾಗ ನನ್ನ ಮದುವೆ ಮಾತ್ರ ಕುಂಟುತ್ತಿತ್ತು. ಬಂದ ವರಗಳೆಲ್ಲ ಕುದುರೆ ಅಂದ ಕೂಡಲೇ ಲಗಾಮು ಜಗ್ಗಿ ಹಿಂದಿರುಗುತ್ತಿದ್ದರು. ಒಬ್ಬ ಹಿರಿಯರು, "ಅಮೀರ್‌ಪೇಟದಾಗ ಕಂಪ್ಯೂಟರ್ ಕೋರ್ಸ್ ಹಾಕ್ರಿ, ಈ ದನಾ ಕುದರಿ ಎಲ್ಲಾ ಮರತು ಹೋಗ್ತಾವ" ಎಂದು ಔಷಧಿ ಹೇಳಿಹೋದರು. ಕಾಚಿಗೂಡದಲ್ಲಿ ಬಟ್ಟೆ ಅಂಗಡಿ ಇಟ್ಟಿದ್ದ ನನ್ನ ಅಪ್ಪ ಇದರಿಂದ ಒಂದು ವ್ಯಾಪಾರದ ಪಾಠ ಕಲಿತರು. ಮುಂದಿನ ವರನ ಕಡೆಯವರಿಗೆ ನಾನು ಗೋವಿನ ಡಾಕ್ಟರ್ ಎಂದುಬಿಟ್ಟರು. ಗೋವು ಅಂದರೆ ನಮ್ಮವರು ಅರ್ಧ ಕೈಮುಗಿದೇ ಕೇಳುತ್ತಾರೆ ನೋಡಿ. ಕುದುರೆಗೆ ಆ ಸೌಭಾಗ್ಯವಿಲ್ಲ.

ಈ ವರನನ್ನು ಕಳೆದುಕೊಳ್ಳಲು ನನಗೂ ಮನಸ್ಸಿರಲಿಲ್ಲ, ಇದನ್ನು ನೇರವಾಗಿಯೇ ಹೇಳುತ್ತೇನೆ. ಹೆಸರು ಮಲ್ಲಿಕಾರ್ಜುನ, ನಾರಾಯಣಗೂಡದ ಕೋಚಿಂಗ್ ಸೆಂಟರಿನಲ್ಲಿ ಗಣಿತದ ಮೇಷ್ಟ್ರು. ಯಾರದೋ ಮದುವೆಯಲ್ಲಿ ಬಡಿಸುವವರು ಸಾಲದೆ ಬಂದಾಗ ಪ್ಯಾಂಟು ಮಡಚಿ, ಸಾರಿನ ಬಕೆಟ್ ಹಿಡಿದು ಪಂಕ್ತಿಯ ತುಂಬ ಓಡಾಡಿದ್ದರು. ನನ್ನ ಎಲೆಯ ಮುಂದೆ ನಿಂತು, "ಹಾಕ್ಲೇನ್ರಿ?" ಎಂದರು. ನಾನು ಸಾರು ಕುಡಿಯುವವಳೇ ಅಲ್ಲ, ಅಂದು ಮೂರು ಸಲ ಹಾಕಿಸಿಕೊಂಡೆ.

ಹೆಣ್ಣು ನೋಡುವ ಶಾಸ್ತ್ರ ಭಾನುವಾರ ಸಂಜೆಗೆ ಗೊತ್ತಾಯಿತು. ರಾಯಚೂರಿನಿಂದ ವರನ ತಾಯಿ ಶಾಂತಮ್ಮನವರು ಬೆಳಗಿನ ರೈಲಿಗೆ ಬಂದು ಮಗನ ಮನೆಯಲ್ಲಿ ಇಳಿದಿದ್ದರು. ನಾನು ತಲೆಗೆ ಎಣ್ಣೆ ಹಚ್ಚಿಕೊಂಡು ಕೂತಿದ್ದೆ. ಮಧ್ಯಾಹ್ನ ಫೋನು ಬಂತು. ಆ ಕಡೆ ಶ್ರೀಕಾಂತ್ ಅಳುವುದೊಂದು ಬಾಕಿ.

"ಮೇಡಂ, ಡಾಟ್‌ಕಾಮ್ ತಿಣುಕ್ತಾನೆ, ಆದ್ರೆ ಯೂರಿನ್ ಬರ್ತಾ ಇಲ್ಲಂಡಿ. ಕೆಳಗೆಲ್ಲ ಊದಿಬಿಟ್ಟಿದೆ. ನಾನು ರೋಜೂ ನೀಟ್‌ಗಾ ತೊಳೀತೀನಂಡಿ!"

ರೋಜೂ ಎಂದಾಗಲೇ ನನಗೆ ರೋಗ ಗೊತ್ತಾಯಿತು. ಇಂಟರ್‌ನೆಟ್ಟಿನಲ್ಲಿ ಏನನ್ನೋ ಓದಿ, ಘಾಟು ಬರುವ ಆ್ಯಂಟಿಸೆಪ್ಟಿಕ್ಕಿನಿಂದ ದಿನಾ ಬೆಳಿಗ್ಗೆ ಚೀಲದ ಬಾಯನ್ನು ಉಜ್ಜಿದ್ದ ಪುಣ್ಯಾತ್ಮ. ಒಳಗಿನ ಚರ್ಮಕ್ಕೆ ಅದರದೇ ಒಂದು ಜಿಡ್ಡು, ಅದರದೇ ಕಾವಲು ಇರುತ್ತದೆ. ಅದನ್ನೆಲ್ಲ ಓಡಿಸಿದರೆ ಚರ್ಮ ಬಿರಿದು ಊದುತ್ತದೆ. ಇಷ್ಟೆಲ್ಲ ಉಜ್ಜಿದ್ದರೂ ಉಚ್ಚೆಯ ದಾರಿಯನ್ನು ಒತ್ತಿ ಹಿಡಿದಿದ್ದ ತುದಿಯ ಕಾಳನ್ನು ಅವನು ಮುಟ್ಟಿರಲಿಲ್ಲ, ಅದು ಇದೆಯೆಂದೇ ಅವನಿಗೆ ಗೊತ್ತಿರಲಿಲ್ಲ. ನಾನು ಎಣ್ಣೆತಲೆಯಲ್ಲೇ ಆಟೋ ಹತ್ತಿದೆ. ಅಪ್ಪ ಹಿಂದಿನಿಂದ ಕೂಗಿದ್ದು ಕೇಳಿಸಲಿಲ್ಲವೆಂದು ಇಂದಿಗೂ ಸಾಧಿಸುತ್ತೇನೆ.

ಇತ್ತ ನಡೆದದ್ದನ್ನು ಆಮೇಲೆ ಅಮ್ಮ ಹೊಟ್ಟೆ ಹಿಡಿದುಕೊಂಡು ಹೇಳಿದಳು. ಶಾಂತಮ್ಮನವರು ಮಗನೊಂದಿಗೆ ಹೊತ್ತಿಗೆ ಮುಂಚೆಯೇ ಬಂದುಬಿಟ್ಟರು. ಹುಡುಗಿ ಎಲ್ಲಿ ಅಂದರೆ, ಅಪ್ಪ ತಡವರಿಸಿ, "ತುರ್ತು ಕೇಸ್ ಬಂತ್ರಿ, ಜೀವ ಉಳಸಾಕ ಹೋಗ್ಯಾಳ" ಎಂದರು. ಶಾಂತಮ್ಮನವರ ಕಣ್ಣು ತುಂಬಿ ಬಂತಂತೆ. "ಗೋಮಾತಾನ ಸೇವಾ! ನಡೀರಿ, ಅಲ್ಲೇ ಹೋಗೂಣು. ಮಗಂದು ಹೊಸಾ ಮನಿ ಐತಿ, ಗೃಹಶಾಂತಿಗೆ ಗಂಜಳ ಬೇಕಾಗೇತಿ. ಈ ಊರಾಗ ಖರೇದ್ದು ಸಿಗೂದಿಲ್ಲ ಅಂತ ಬಾಟ್ಲಿ ತಂದೀನಿ" ಎಂದು ಚೀಲದಿಂದ ತೊಳೆದಿಟ್ಟ ಗಾಜಿನ ಬಾಟಲಿ ತೆಗೆದರು. ಅಪ್ಪ ಬಿಸಿಲು ಎಂದರು, ದೂರ ಎಂದರು. ಶಾಂತಮ್ಮನವರು ಆಗಲೇ ಚಪ್ಪಲಿ ಮೆಟ್ಟಿದ್ದರು.

ಹೀಗೆ ನನ್ನ ಭಾವೀ ಅತ್ತೆ, ಗಂಜಳದ ಬಾಟಲಿಯೊಂದಿಗೆ, ಮಗನನ್ನೂ ನನ್ನ ಅಪ್ಪನನ್ನೂ ಕರೆದುಕೊಂಡು ಸವಾರಿ ಶಾಲೆಯ ಲಾಯದೊಳಗೆ ಕಾಲಿಟ್ಟರು. ಅವರು ಕಂಡ ದೃಶ್ಯ ಇದು. ಮತ್ತಿನ ಸೂಜಿಯಿಂದ ತಲೆ ಜೋಲುಹಾಕಿ ನಿಂತ ಒಂದು ಕುದುರೆ. ಅದರ ಪಕ್ಕೆಗೆ ಕೆನ್ನೆ ಒತ್ತಿ, ಜಡೆ ಮೇಲಕ್ಕೆ ಗಂಟುಕಟ್ಟಿ, ಒಂದು ಕೈಯನ್ನು ಬೇರೆಲ್ಲೂ ಅಲ್ಲ, ಅಲ್ಲಿಯೇ ಇಟ್ಟುಕೊಂಡಿರುವ ಕನ್ಯೆ.

"ಗೋವು ಎಲ್ಲೈತ್ರಿ?" ಎಂದರು ಶಾಂತಮ್ಮ. ಅಪ್ಪ ಲಾಯದ ಸೂರನ್ನು ನೋಡತೊಡಗಿದರು.

ಮೇಷ್ಟ್ರು ಸರಿಯಾಗಿ ನೋಡಬೇಕೆಂದು ಕುದುರೆಯ ಹಿಂದಿನಿಂದ ಬಂದರು. "ಹಿಂದಕ್ ನಿಂದರಬ್ಯಾಡ್ರಿ! ಒದ್ರ ಹಲ್ಲು ಹೋಗ್ತಾವ!" ಎಂದು ಚೀರಿದೆ. ಹೆಣ್ಣು ನೋಡಲು ಬಂದ ಗಂಡಿಗೆ ನಾನಾಡಿದ ಮೊದಲ ಮಧುರ ಮಾತು. ಹಗ್ಗ ಹಿಡಿದಿದ್ದ ಶ್ರೀಕಾಂತ್ ಕುದುರೆಯ ಕಡೆ ಬೆನ್ನು ತಿರುಗಿಸಿ ನಿಂತಿದ್ದ. ಮೇಷ್ಟ್ರು ಮುಂದೆ ಹೋಗಿ ಹಗ್ಗ ಇಸಿದುಕೊಂಡು, ಇನ್ನೊಂದು ಕೈಯಲ್ಲಿ ಬಿಸಿನೀರಿನ ಬಕೆಟ್ಟನ್ನು ನನ್ನತ್ತ ಸರಿಸಿದರು. ಬಕೆಟ್ ಹಿಡಿಯುವುದರಲ್ಲಿ ಅವರದು ಎತ್ತಿದ ಕೈ ಎಂದು ಮೊದಲೇ ಹೇಳಿದೆನಲ್ಲ. ನಾನು ಹತ್ತಿಯಿಂದ ಒರೆಸಿ, ಎಣ್ಣೆಯಲ್ಲಿ ಅದ್ದಿದ ಬೆರಳನ್ನು ಮೆಲ್ಲಗೆ ಗೂಡಿನ ಸುತ್ತ ಆಡಿಸಿದೆ. ಮದುವೆ ಹೇಗೂ ಹೋಯಿತು, ಕುದುರೆಯಾದರೂ ಉಳಿಯಲಿ ಎಂದುಕೊಳ್ಳುತ್ತಿರುವಾಗ ಕಾಳು ಬಿಡಿಸಿಕೊಂಡು ಅಂಗೈಗೆ ಬಿತ್ತು.

ಸ್ವಲ್ಪ ಹೊತ್ತಿಗೆ ಡಾಟ್‌ಕಾಮ್ ಕಾಲು ಅಗಲಿಸಿ, ಒಂದು ದೀರ್ಘ ನಿಟ್ಟುಸಿರು ಬಿಟ್ಟ. ಆಮೇಲೆ ಬಂತು ನೋಡಿ, ಹುಸೇನ್ ಸಾಗರದ ತೂಬು ಎತ್ತಿದ ಹಾಗೆ! ನಿಲ್ಲುವ ಮಾತೇ ಇಲ್ಲ. ಶಾಂತಮ್ಮನವರು ಸೀರೆ ಎತ್ತಿಕೊಂಡು ಹಿಂದೆ ಹಿಂದೆ ಸರಿದರು, ಅಪ್ಪನ ಬಿಳಿ ಪಂಚೆ ಇಂದಿಗೂ ಅಲಮಾರಿಯಲ್ಲಿ ಹಳದಿಯಾಗಿದೆ. ಶ್ರೀಕಾಂತ್ ಕುದುರೆಯ ಕೊರಳು ತಬ್ಬಿಕೊಂಡು ಅತ್ತ. ನನಗೆ ನಗು ತಡೆಯಲಾಗಲಿಲ್ಲ. ಆಖ್ತಾದ ಆಚೆ ಬದಿಯಿಂದಲೂ ನಗು ಕೇಳಿಸಿತು, ಮೇಷ್ಟ್ರದು. ಆಗ ನನಗೆ ಆ ಮನುಷ್ಯ ಎಷ್ಟು ಬೇಕಾಗಿಬಿಟ್ಟರೆಂದರೆ, ಇದು ಮುರಿದರೆ ಬಿಕ್ಕಿ ಬಿಕ್ಕಿ ಅಳುತ್ತೇನೆಂದು ಗೊತ್ತಾಯಿತು.

ಮನೆ ಮುಟ್ಟಿದ ಮೇಲೆ ಅಮ್ಮ ನನ್ನನ್ನು ಬಚ್ಚಲಿಗೆ ದೂಡಿ ಕಡಲೆಹಿಟ್ಟು, ಸೀಗೆಪುಡಿ, ನಿಂಬೆಹಣ್ಣು ಎಲ್ಲ ಒಳಗೆ ಕೊಟ್ಟಳು. ಈ ಕೆಲಸದ ಒಂದು ದುರ್ಗುಣವೆಂದರೆ ವಾಸನೆ ರಬ್ಬರ್ ಗ್ಲೌಸನ್ನೂ ದಾಟಿ ಬರುತ್ತದೆ, ಎಷ್ಟು ತಿಕ್ಕಿದರೂ ಮಾರನೆಯ ದಿನದವರೆಗೆ ಹೋಗುವುದಿಲ್ಲ. ರೇಷ್ಮೆ ಸೀರೆ ಉಟ್ಟು, ಮಲ್ಲಿಗೆ ಮುಡಿದು, ಎರಡೂ ಕೈಯನ್ನು ಸೆರಗಿನಲ್ಲಿ ಬಚ್ಚಿಟ್ಟುಕೊಂಡು ಜಮಖಾನೆಯ ಮೇಲೆ ಕೂತೆ. ಉಪ್ಪಿಟ್ಟನ್ನು ಅಮ್ಮನೇ ಬಡಿಸಲು ಹೊರಟಳು.

"ತಡೀರಿ" ಎಂದರು ಶಾಂತಮ್ಮ. "ಕೈ ತೋರಸವ್ವ."

ಮುಗೀತು ಕಥೆ ಅಂದುಕೊಂಡೆ. ಅವರು ನನ್ನ ಬಲಗೈಯನ್ನು ಎಳೆದುಕೊಂಡು ಮೂಗಿನ ಹತ್ತಿರ ಹಿಡಿದರು. ಅಪ್ಪ ಕಣ್ಣು ಮುಚ್ಚಿದರು. ಶಾಂತಮ್ಮನವರು ಕೈ ಬಿಡಲಿಲ್ಲ.

"ನಮ್ಮ ಮಾವ ಲಕ್ವಾ ಹೊಡದು ಹಾಸಗಿ ಹಿಡದಿದ್ರು. ಅವರ ಮೈ ಎಲ್ಲಾ ನಾನ ತೊಳೀತಿದ್ದೆ. ಎಲ್ಲಾ ಅಂದ್ರ ಎಲ್ಲಾ. ಎಷ್ಟು ತಿಕ್ಕಿದ್ರೂ ಕೈ ವಾಸನಿ ಹೋಗ್ತಿದ್ದಿಲ್ಲ. ಮನ್ಯಾಗ ಒಬ್ಬರೂ ನನ್ನ ಕೈಲೆ ಬಡಸ್ಕೊಂಡು ಉಣಲಿಲ್ಲ. ಈ ಮಲ್ಲಿಕಾರ್ಜುನನಪ್ಪನೂ ಉಣಲಿಲ್ಲ." ನನ್ನ ಬೆರಳುಗಳನ್ನು ಬಿಡಿಸಿ ನೋಡುತ್ತ, "ಹತ್ತೀಲೆ, ಎಣ್ಣೀಲೆ ಒರಸಬೇಕು ಅಂತ ನನಗ ಯಾರೂ ಹೇಳಿಕೊಡಲಿಲ್ಲವ್ವ. ನಾ ಸಬಕಾರ ಹಾಕಿ ತಿಕ್ಕಿಬಿಟ್ಟೆ. ಪಾಪ, ಅವರಿಗೆ ಎಷ್ಟು ಉರದಿತ್ತೋ" ಎಂದರು.

ಮೇಷ್ಟ್ರು ತಾಯಿಯ ಮುಖವನ್ನೇ ನೋಡುತ್ತಿದ್ದರು. ಈ ಮಾತನ್ನು ಅವರೂ ಅಂದೇ ಮೊದಲು ಕೇಳಿದ್ದಂತೆ.

ಶಾಂತಮ್ಮನವರು ಸೆರಗಿನಿಂದ ಮೂಗು ಒರೆಸಿಕೊಂಡು, ಖಾಲಿ ತಟ್ಟೆಯನ್ನು ನನ್ನ ಮುಂದಕ್ಕೆ ತಳ್ಳಿದರು. "ನೀ ಬಡಸು. ಈ ಕೈಲೇ ಬಡಸು. ನಾ ಉಣ್ತೀನಿ."

ಬಡಿಸಿದೆ. ಅರ್ಧ ಜಮಖಾನೆಗೆ ಬಿತ್ತು. ಅವರು ಉಂಡರು, ಮತ್ತೆ ಹಾಕಿಸಿಕೊಂಡು ಉಂಡರು, ಮಗನಿಗೂ ಹಾಕು ಎಂದರು. ಗಡಿಬಿಡಿಯಲ್ಲಿ ಅಮ್ಮ ಉಪ್ಪಿಟ್ಟಿಗೆ ಎರಡು ಸಲ ಉಪ್ಪು ಹಾಕಿದ್ದಳೆಂಬುದನ್ನು ತಾಯಿ ಮಗ ಇಬ್ಬರೂ ಮದುವೆಯಾಗಿ ವರ್ಷ ತುಂಬುವವರೆಗೆ ನನಗೆ ಹೇಳಲಿಲ್ಲ.